ಮೊದಲು ಕಿಟಕಿ, ಆಮೇಲೆ ಮಾಡೆಲ್

ಮಳೆಗಾಲ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಬಣ್ಣಬಣ್ಣದ ಮಳೆ ನಕ್ಷೆಗಳು ಓಡಾಡುತ್ತವೆ. ಹತ್ತು ದಿನ ಆಚೆಗೆ ಯಾವ ಊರಲ್ಲಿ ಎಷ್ಟು ಮಿಲಿಮೀಟರ್ ಅಂತ ಅದರಲ್ಲಿರುತ್ತದೆ. ನಾವು ನಂಬಿದರೆ ಹೋಗಲಿ, ಮುನ್ಸೂಚನೆ ಕೊಡುವವರೂ ಹಾಗೇ ನಂಬಿದರೆ ಕಷ್ಟ. ಅವರ ತರಬೇತಿಯಲ್ಲಿ ಮಾಡೆಲನ್ನು, ಅಂದರೆ ಇಂಥ ನಕ್ಷೆಗಳನ್ನು ಲೆಕ್ಕ ಹಾಕಿ ಕೊಡುವ ಕಂಪ್ಯೂಟರ್ ಪ್ರೋಗ್ರಾಮನ್ನು, ಸ್ವಲ್ಪ ಹೊತ್ತು ಮುಚ್ಚಿಡುವುದನ್ನೇ ಮೊದಲು ಕಲಿಸಬೇಕು ಅಂತ ನನ್ನ ವಾದ.

ಇದೇನೂ ಹೊಸ ಮಾತಲ್ಲ. ಅಮೆರಿಕದ ಹವಾಮಾನ ಇಲಾಖೆಯಲ್ಲಿದ್ದ ಲೆನ್ ಸ್ನೆಲ್‌ಮನ್ 1977ರಲ್ಲೇ ಮಾಡೆಲನ್ನು ಕಣ್ಣುಮುಚ್ಚಿ ನಂಬುವುದನ್ನು ಹವಾಮಾನ ಶಾಸ್ತ್ರಕ್ಕೆ ಹಿಡಿದ ಕ್ಯಾನ್ಸರ್ ಅಂದಿದ್ದರು. ಕಂಪ್ಯೂಟರ್ ಕೊಟ್ಟಿದ್ದನ್ನೇ ದಾಟಿಸುತ್ತಾ ಹೋದರೆ ಕೆಲಸ ಬಲ್ಲವರ ಬುದ್ಧಿಗೂ ತುಕ್ಕು ಹಿಡಿಯುತ್ತದೆ ಅನ್ನುವುದು ಅವರ ಭಯ.

2015ರ ಜನವರಿಯ ನ್ಯೂಯಾರ್ಕ್ ಹಿಮಬಿರುಗಾಳಿ ನೋಡಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ದಡದ ಕಡೆ ತಿರುಗುತ್ತದೆ ಅಂತ ಯುರೋಪಿನ ಮಾಡೆಲ್ ಅಮೆರಿಕದ ಮಾಡೆಲ್‌ಗಿಂತ ಮೊದಲೇ ಹೇಳಿತ್ತು, ಹಾಗಾಗಿ ಅದರ ಮೇಲೆ ಎಲ್ಲರಿಗೂ ಸಿಕ್ಕಾಪಟ್ಟೆ ನಂಬಿಕೆ. ಈ ಸಲ ಅದು ಭಾರಿ ಹಿಮ ಅಂದಿತು, ಅಮೆರಿಕದ್ದು ಅಷ್ಟಿಲ್ಲ ಅಂದಿತು. ನಗರಕ್ಕೆ 20ರಿಂದ 30 ಇಂಚು ಅಂತ ಮುನ್ಸೂಚನೆ ಹೋಯಿತು. ಹಿಮದ ಕಾರಣಕ್ಕೆ ಸಬ್‌ವೇ ರೈಲನ್ನೇ ನಿಲ್ಲಿಸಿದರು, ಅದರ ಚರಿತ್ರೆಯಲ್ಲೇ ಮೊದಲ ಬಾರಿ. ಬೆಳಗಾದಾಗ ಸೆಂಟ್ರಲ್ ಪಾರ್ಕಿನಲ್ಲಿ ಇದ್ದದ್ದು 9.8 ಇಂಚು! ಬಿರುಗಾಳಿ ಸ್ವಲ್ಪ ಪೂರ್ವಕ್ಕೆ ಸರಿದಿತ್ತು ಅಷ್ಟೇ. ಲಾಂಗ್ ಐಲೆಂಡಿನ ಪೂರ್ವದಲ್ಲಿ, ಬಾಸ್ಟನ್ ಕಡೆ ಎರಡು ಅಡಿ ಬಿದ್ದಿತ್ತು. ಅಂದರೆ ಮಾಡೆಲ್ ತೀರಾ ತಪ್ಪಿರಲಿಲ್ಲ, ಅಲ್ವಾ? ನಗರ ಹಿಮದ ಅಂಚಿನಲ್ಲಿತ್ತು, ಅಂಚಿನಲ್ಲಿದ್ದಾಗ ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಯುರೋಪಿನ ಹವಾಮಾನ ಕೇಂದ್ರ ತನ್ನ ಮಾಡೆಲ್‌ಗೆ ಕೊಡುವ ಆರಂಭದ ಸ್ಥಿತಿಯನ್ನು ಚೂರುಚೂರು ಬದಲಿಸಿ ಅದೇ ಲೆಕ್ಕವನ್ನು ಒಟ್ಟು 51 ಸಲ ಓಡಿಸುವುದೇ ಇದಕ್ಕೆ. ಉತ್ತರಗಳು ಚದುರಿದಷ್ಟೂ ಖಾತ್ರಿ ಕಮ್ಮಿ. ಆ 51 ಉತ್ತರಗಳು ಎಷ್ಟು ಚದುರಿವೆ ಅಂತ ನೋಡುವುದು ಕಲಿತರೆ ಅರ್ಧ ತರಬೇತಿ ಮುಗಿದಂತೆ.

ನಮ್ಮ ಘಟ್ಟದ ಕಥೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಮೀ ದಾಟುವ ಮಳೆ, ನೂರು ಕಿಮೀ ಒಳಗೇ ಇರುವ ಶಿವಮೊಗ್ಗದಲ್ಲಿ ಅದರ ಕಾಲು ಭಾಗವೂ ಇಲ್ಲ. ಮಾಡೆಲ್ ನೆಲವನ್ನು ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೆ ಒಂದೇ ಎತ್ತರ ಕೊಡುತ್ತದೆ, ಕಡಿದಾದ ಘಟ್ಟ ಅದರಲ್ಲಿ ತಗ್ಗಿ ಇಳಿಜಾರಾಗಿಬಿಡುತ್ತದೆ, ಮಳೆಯ ಲೆಕ್ಕವೂ ಏರುಪೇರಾಗುತ್ತದೆ. 2025ರ ಮೇನಲ್ಲಿ ಬಂದ ನಮ್ಮ ದೇಶದ್ದೇ ಮಾಡೆಲ್ ಭಾರತ್ ಫೋರ್ಕಾಸ್ಟ್ ಸಿಸ್ಟಮ್ ಚೌಕವನ್ನು 12ರಿಂದ 6 ಕಿಮೀಗೆ ಇಳಿಸಿದೆ. ಒಳ್ಳೆಯದೇ. ಆದರೆ ನಕ್ಷೆ ಚೆಂದ ಆದಷ್ಟೂ ನಂಬುವ ಆಸೆ ಜಾಸ್ತಿಯಾಗುತ್ತೆ, ನನಗೆ ಅದೇ ಭಯ.

ಕಲಿಯುವವರಿಗೆ ಹಳೆಯ ದಿನವೊಂದರ ರೇಡಾರ್, ಉಪಗ್ರಹ ಚಿತ್ರ, ಆಕಾಶಕ್ಕೆ ಬಿಟ್ಟ ಹವಾಮಾನ ಬಲೂನಿನ ಅಳತೆ ಇಷ್ಟೇ ಕೊಡಿ, ತಾರೀಖು ಹೇಳಬೇಡಿ. ಪೆನ್ಸಿಲ್‌ನಲ್ಲಿ ತಮ್ಮದೇ ಮುನ್ಸೂಚನೆ ಬರೆಯಲಿ. ಆಮೇಲೆ ಮಾಡೆಲ್ ತೆರೆದು ಎಲ್ಲಿ ಬೇರೆ ಬಂತು, ಯಾಕೆ ಅಂತ ವಾದ ಮಾಡಲಿ. ನಿಜವಾದ ಡ್ಯೂಟಿಯಲ್ಲೂ ಅಷ್ಟೇ: ಬೆಳಿಗ್ಗೆ ಒಂಬತ್ತಕ್ಕೆ ಮಂಗಳೂರಿನ ಪಡುವಣ ಕಡಲಲ್ಲಿ ಮೋಡ ಇರಬೇಕು ಅಂತ ಮಾಡೆಲ್ ಹೇಳಿ, ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಅಲ್ಲಿ ಏನೂ ಇಲ್ಲದಿದ್ದರೆ, ಅದೇ ಮಾಡೆಲ್ ಹೇಳುವ ಸಂಜೆಯ ಮಳೆಯನ್ನು ಸುಮ್ನೆ ಒಪ್ಪಿಕೊಳ್ಳುವುದು ಹೇಗೆ?