ಬಾಚಿಯೆರಾತೋ ಅಂದ್ರೆ ಬ್ಯಾಚಲರ್ಸ್ ಅಲ್ಲ

ನಾನು ಹ್ಯೂಸ್ಟನ್‌ನ ಒಂದು ಕಮ್ಯುನಿಟಿ ಕಾಲೇಜಲ್ಲಿ ಫೈನಾನ್ಶಿಯಲ್ ಏಡ್ ಆಫೀಸಲ್ಲಿ ಕೆಲಸ ಮಾಡ್ತೀನಿ, ಇದು ಆರನೇ ವರ್ಷ. ನಮ್ಮ ಕೌಂಟರ್‌ಗೆ ಬರೋರಲ್ಲಿ ಬಹಳಷ್ಟು ಮಕ್ಕಳ ಮನೆಮಾತು ಸ್ಪ್ಯಾನಿಷ್. ಮೆಕ್ಸಿಕೋ, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಹೊಂಡುರಾಸ್, ಈಚೆಗೆ ವೆನೆಜುವೆಲಾದವರೂ ಬರ್ತಾರೆ. ಇವರಲ್ಲಿ ತುಂಬಾ ಜನ ಇಎಸ್ಎಲ್ ಕ್ಲಾಸಲ್ಲಿರ್ತಾರೆ, ಅಂದ್ರೆ ಇಂಗ್ಲಿಷ್ ಕಲೀತಾ ಕಲೀತಾನೇ ಡಿಗ್ರಿ ಓದೋರು. ಅವರಲ್ಲಿ ಒಬ್ಬ ಹುಡುಗಿಗೆ ನನ್ನಿಂದ ಆದ ತಪ್ಪನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ.

2024ರ ಆಗಸ್ಟ್, ಸೆಮಿಸ್ಟರ್ ಶುರುವಾಗೋಕೆ ಒಂದು ವಾರ ಇತ್ತು, ಕ್ಯೂ ಬಾಗಿಲಾಚೆ ಹೋಗಿತ್ತು. ಆ ವರ್ಷ ಫಾಫ್ಸಾ ಫಾರ್ಮೇ ತಡ ಆಗಿತ್ತು. ಫಾಫ್ಸಾ ಅಂದ್ರೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವಿಗೆ ಹಾಕೋ ಅರ್ಜಿ, ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತೆ, ಆ ಸಲ ಹೊಸ ಫಾರ್ಮ್ ಮಾಡ್ತೀವಿ ಅಂತ 2023ರ ಡಿಸೆಂಬರ್ ಕೊನೆಗೆ ತೆರೆದ್ರು. ಅಪ್ಪ ಅಮ್ಮಂಗೆ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದ್ರೆ ಇಲ್ಲಿನ ಸರ್ಕಾರ ಕೊಡೋ ಗುರುತಿನ ನಂಬರ್, ಇಲ್ಲದ ಮನೆ ಮಕ್ಕಳಿಗಂತೂ ಎಷ್ಟೋ ವಾರ ಫಾರ್ಮ್ ಮುಂದಕ್ಕೇ ಹೋಗ್ಲಿಲ್ಲ. ಹಾಗಾಗಿ ಆಗಸ್ಟಲ್ಲೂ ಜನ ಫಾರ್ಮ್ ತುಂಬಿಸ್ತಾನೇ ಇದ್ರು.

ಆ ಹುಡುಗಿಗೆ 20 ವರ್ಷ. ಗ್ವಾಟೆಮಾಲಾದಿಂದ ಅಪ್ಪನ ಹತ್ರ ಬಂದು ಎರಡು ವರ್ಷ ಆಗಿತ್ತು, ಗ್ರೀನ್ ಕಾರ್ಡ್ ಇತ್ತು, ಸಂಜೆ ಹೊತ್ತು ಹೋಟೆಲ್ ರೂಮ್ ಕ್ಲೀನಿಂಗ್ ಕೆಲಸ, ನರ್ಸಿಂಗ್ ಓದ್ಬೇಕು ಅನ್ನೋ ಆಸೆ. ಒಂದು ಪ್ಲಾಸ್ಟಿಕ್ ಫೈಲಲ್ಲಿ ಎಲ್ಲಾ ಪೇಪರನ್ನೂ ಒಂದರ ಮೇಲೊಂದು ನೀಟಾಗಿ ಜೋಡಿಸ್ಕೊಂಡು ಬಂದಿದ್ಲು. ಫಾರ್ಮ್ ಸ್ಪ್ಯಾನಿಷಲ್ಲೂ ಸಿಗುತ್ತೆ, ಆದ್ರೆ ಇಂಗ್ಲಿಷ್ ಕಲೀತಿದೀನಿ ಇಂಗ್ಲಿಷಲ್ಲೇ ತುಂಬ್ತೀನಿ ಅಂದ್ಲು, ನಂಗೂ ಖುಷಿಯಾಯ್ತು. ಒಂದು ಕಡೆ ಬಂತು, ಈ ಶೈಕ್ಷಣಿಕ ವರ್ಷ ಶುರುವಾಗೋ ಹೊತ್ತಿಗೆ ನಿಮ್ಮ ಹತ್ರ ಮೊದಲ ಬ್ಯಾಚಲರ್ಸ್ ಡಿಗ್ರಿ ಇರುತ್ತಾ ಅಂತ. ಅವಳು "ಬ್ಯಾಚಲರ್?" ಅಂದು ಫೈಲಿಂದ ಒಂದು ಸರ್ಟಿಫಿಕೇಟ್ ತೆಗೆದು ತೋರಿಸಿದ್ಲು. ದೊಡ್ಡ ಸೀಲು, ದೊಡ್ಡ ಅಕ್ಷರದಲ್ಲಿ "ಬಾಚಿಯೇರ್ ಎನ್ ಸಿಯೆನ್ಸಿಯಾಸ್ ಇ ಲೆತ್ರಾಸ್". ಸೈನ್ಸಸ್ ಅಂಡ್ ಲೆಟರ್ಸ್ ಅನ್ನೋದು ಕಣ್ಣಿಗೆ ಬಿತ್ತು. ನಾನು ಹಿಂದೆ ನಿಂತಿದ್ದ ಕ್ಯೂ ನೋಡಿ, ಹೌದು, ಯೆಸ್ ಒತ್ತು ಅಂದೆ.

ಗ್ವಾಟೆಮಾಲಾದಲ್ಲಿ ಬಾಚಿಯೆರಾತೋ ಅಂದ್ರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟು. ಡಿಗ್ರಿ ಅಲ್ಲವೇ ಅಲ್ಲ. ಅಲ್ಲಿ ಡಿಗ್ರಿಗೆ ಲಿಸೆನ್ಸಿಯಾತುರಾ ಅಂತಾರೆ. ಇದು ನಂಗೆ ಗೊತ್ತಿರ್ಬೇಕಿತ್ತು, ಅದೇ ನನ್ನ ಕೆಲಸ.

ಆ ಒಂದು ಯೆಸ್‌ನಿಂದ ಏನಾಗುತ್ತೆ ಅಂದ್ರೆ, ಪೆಲ್ ಗ್ರಾಂಟ್ ಪೂರ್ತಿ ಕೈ ತಪ್ಪುತ್ತೆ. ಪೆಲ್ ಅನ್ನೋದು ವಾಪಸ್ ಕಟ್ಟಬೇಕಿಲ್ಲದ ದುಡ್ಡು, 2024-25ಕ್ಕೆ ಜಾಸ್ತಿ ಅಂದ್ರೆ 7,395 ಡಾಲರ್, ಆದ್ರೆ ಬ್ಯಾಚಲರ್ಸ್ ಇನ್ನೂ ಮಾಡಿರದೇ ಇರೋರಿಗೆ ಮಾತ್ರ. ಅವಳಿಗೆ ಸಾಲ ತಗೋಬಹುದು ಅಂತ ಬಂತು. ಸಾಲ ಬೇಡ ಅಂದ್ಲು, ಅವರಪ್ಪಂಗೆ ಸಾಲ ಅಂದ್ರೇನೇ ಭಯ ಅಂತೆ. ಕಂತಲ್ಲಿ ಫೀಸ್ ಕಟ್ತೀನಿ ಅಂತ 12 ಕ್ರೆಡಿಟ್‌ಗೆ ಸೇರ್ಕೊಂಡ್ಲು, ಅಕ್ಟೋಬರ್ ಕಂತಿಗೆ ದುಡ್ಡು ಸಾಲದೆ ಸೈಕಾಲಜಿ ಕ್ಲಾಸ್ ಬಿಟ್ಲು. ಆ ಕ್ಲಾಸ್ ಬಿಟ್ರೆ ದುಡ್ಡು ಉಳಿಯಲ್ಲ, ಅಷ್ಟೊತ್ತಿಗೆ ರೀಫಂಡ್ ಡೇಟೂ ಮುಗಿದಿತ್ತು, ಆದ್ರೆ ಹೋಟೆಲಲ್ಲಿ ಇನ್ನೊಂದು ಶಿಫ್ಟ್ ಮಾಡೋಕೆ ಟೈಮ್ ಸಿಗುತ್ತೆ ಅಂತ ಬಿಟ್ಟಿದ್ಲು.

ನವೆಂಬರಲ್ಲಿ ಮುಂದಿನ ಸೆಮಿಸ್ಟರ್ ಕಂತು ಹೆಂಗೆ ಅಂತ ಕೇಳೋಕೆ ಮತ್ತೆ ಬಂದ್ಲು. ಅವತ್ತು ಕ್ಯೂ ಇರ್ಲಿಲ್ಲ, ಸುಮ್ನೆ ಮಾತಾಡ್ತಾ, ಡಿಗ್ರಿ ಮುಗಿಸಿದಾಗ ನಿಂಗೆ ಎಷ್ಟು ವಯಸ್ಸು ಅಂದೆ. "ಸೆವೆಂಟೀನ್" ಅಂದ್ಲು. ಯಾವ ಕಾಲೇಜು ಅಂದ್ರೆ ಒಂದು "ಕೊಲೆಹಿಯೋ" ಹೆಸರು ಹೇಳಿದ್ಲು. ಕೊಲೆಹಿಯೋ ಅಂದ್ರೆ ಅವರ ಕಡೆ ಪ್ರೈವೇಟ್ ಸ್ಕೂಲು. ನಂಗೆ ಅಲ್ಲೇ ಕೈಕಾಲು ತಣ್ಣಗಾಯ್ತು.

ಯಾಕಂದ್ರೆ ಇದೇ ನಂಗೂ ಆಗಿತ್ತು. ನಾನು ತುಮಕೂರಲ್ಲಿ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮೇಲೆ ಪಿಯುಸಿ ಸೈನ್ಸ್ ಇಂಗ್ಲಿಷಲ್ಲಿ. ನಾವು ಪಿಯುಸಿಗೆ ಕಾಲೇಜ್ ಅಂತೀವಲ್ಲ, ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಅಡ್ಮಿಷನ್ ಆಫೀಸಲ್ಲಿ ನಾನು ಹದಿನಾರಕ್ಕೇ ಕಾಲೇಜ್ ಸೇರಿದೆ ಅಂದಿದ್ದೆ. ಅಲ್ಲಿದ್ದ ಹೆಂಗಸು ಪೆನ್ ಕೆಳಗಿಟ್ಟು, ಒಂದನೇ ಕ್ಲಾಸಿಂದ ಯಾವ ವಯಸ್ಸಿಗೆ ಏನು ಓದಿದೆ ಹೇಳು ಅಂತ ಕೂರಿಸ್ಕೊಂಡು ಬರ್ಕೊಂಡ್ರು, ಹತ್ತು ನಿಮಿಷ ಹಿಡೀತು. ಆ ಹತ್ತು ನಿಮಿಷ ನಾನು ಇವಳಿಗೆ ಕೊಟ್ಟಿರ್ಲಿಲ್ಲ.

ಸರಿ ಮಾಡಿಸಿದ್ವಿ. ಫಾಫ್ಸಾ ತಿದ್ದಿದ್ವಿ, ಸರ್ಟಿಫಿಕೇಟನ್ನ ಇವ್ಯಾಲ್ಯುಯೇಷನ್‌ಗೆ ಕಳ್ಸಿ ಹೈಸ್ಕೂಲಿಗೆ ಸಮ ಅಂತ ಬರೆಸ್ಕೊಂಡ್ವಿ, ನನ್ನ ಸೂಪರ್‌ವೈಸರ್ ಹತ್ರ ಹೋಗಿ ತಪ್ಪು ನಂದು ಅಂತ ಹೇಳಿ ಫೈಲಲ್ಲೂ ಬರೆದೆ. ಅದೇ ಅವಾರ್ಡ್ ವರ್ಷದೊಳಗೆ, ಅಂದ್ರೆ ನೆರವು ಕೊಡೋ ಶೈಕ್ಷಣಿಕ ವರ್ಷದೊಳಗೆ ಆದ್ರೆ ಮುಗಿದ ಸೆಮಿಸ್ಟರಿಗೂ ಪೆಲ್ ಹಿಂದಿನಿಂದ ಕೊಡಬಹುದು, ಆದ್ರೆ ಪೂರ್ತಿ ಮಾಡಿದ ಕ್ರೆಡಿಟ್‌ಗಷ್ಟೇ. ಅವಳಿಗೆ 12ರಲ್ಲಿ 9ಕ್ಕೆ ಬಂತು. ಸೈಕಾಲಜಿದು ಬರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ.

ಇದಾದ್ಮೇಲೆ ನಾನು ಇಎಸ್ಎಲ್ ಮಕ್ಕಳ ಫೈಲ್ ನೋಡೋ ರೀತಿನೇ ಬದಲಾಯ್ತು. ಗೊತ್ತಿಲ್ಲದ ಪದ ಬಂದ್ರೆ ಅವರೇ ಕೇಳ್ತಾರೆ, ಅಲ್ಲಿ ಅಷ್ಟು ತೊಂದ್ರೆ ಇಲ್ಲ. ತಮ್ಮ ಭಾಷೇಲಿರೋ ಪದದ ಥರಾನೇ ಕಾಣೋ ಪದದ ಹತ್ರ ಯಾರೂ ಕೇಳಲ್ಲ, ಅವರೂ ಕೇಳಲ್ಲ, ನಾವೂ ಕೇಳಲ್ಲ. ಹೆಸರಿನ ವಿಷಯದಲ್ಲೂ ಇದೇ ಕಥೆ. ಅವರಿಗೆ ಎರಡು ಸರ್‌ನೇಮ್, ಮೊದಲನೇದು ಅಪ್ಪಂದು, ಎರಡನೇದು ಅಮ್ಮಂದು. ಒಂದು ಕಡೆ ಎರಡೂ ಬರೀತಾರೆ, ಇನ್ನೊಂದು ಕಡೆ ಕೊನೇದೊಂದೇ, ಸೋಶಿಯಲ್ ಸೆಕ್ಯುರಿಟಿ ಕಾರ್ಡಲ್ಲಿ ಇರೋ ಹಾಗೇ ಇಲ್ಲದಿದ್ರೆ ಅರ್ಜಿ ನಿಂತುಹೋಗುತ್ತೆ. ಇನಿಷಿಯಲ್ ಇಟ್ಕೊಂಡು ಪಾಸ್‌ಪೋರ್ಟ್ ಮಾಡಿಸಿದ ನಮ್ಮೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು ಹೇಳ್ಲೇಬೇಕು. ಇಎಸ್ಎಲ್ ಓದೋರಿಗೆ ಸ್ಕಾಲರ್‌ಶಿಪ್ ಸಿಗಲ್ಲ ಅಂತ ತುಂಬಾ ಮಕ್ಕಳು ನಂಬಿದಾರೆ. ಬರೀ ಇಂಗ್ಲಿಷ್ ಕ್ಲಾಸಿಗೆ ಮಾತ್ರ ಸೇರಿದ್ರೆ ಸಾಮಾನ್ಯವಾಗಿ ಪೆಲ್ ಸಿಗಲ್ಲ ನಿಜ, ಆದ್ರೆ ಡಿಗ್ರಿಗೋ ಅರ್ಹ ಸರ್ಟಿಫಿಕೇಟ್ ಕೋರ್ಸಿಗೋ ಅಡ್ಮಿಷನ್ ಆಗಿ, ಅದರ ಭಾಗವಾಗಿ ಕ್ರೆಡಿಟ್ ಇರೋ ಇಎಸ್ಎಲ್ ತಗೊಂಡ್ರೆ ಸಿಗುತ್ತೆ. ರೆಮಿಡಿಯಲ್ ಕ್ಲಾಸಿಗೆ, ಅಂದ್ರೆ ಕಾಲೇಜ್ ಮಟ್ಟಕ್ಕೆ ತಯಾರು ಮಾಡೋ ಕ್ಲಾಸಿಗೆ, 30 ಕ್ರೆಡಿಟ್ ಮಿತಿ ಇದೆ, ಇಎಸ್ಎಲ್ ಆ ಲೆಕ್ಕಕ್ಕೇ ಬರಲ್ಲ. ಇದನ್ನ ದಿನಕ್ಕೆ ಹತ್ತು ಸಲ ಹೇಳ್ತೀನಿ, ಬೇಜಾರಿಲ್ಲ. ಮುಂದೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ಹೋಗೋರಿಗೆ 1975ರಿಂದ ಇರೋ ಹಿಸ್ಪಾನಿಕ್ ಸ್ಕಾಲರ್‌ಶಿಪ್ ಫಂಡ್ ಬಗ್ಗೆ ಹೇಳ್ತೀನಿ, ಅದಕ್ಕೆ ಗ್ರೇಡು, ಅರ್ಜಿ ಪ್ರಬಂಧ ಎರಡೂ ಬೇಕು. ಪ್ರಬಂಧ ತಿದ್ದಿಕೊಡಿ ಅಂತ ಬರ್ತಾರೆ, ಗ್ರಾಮರ್ ತಿದ್ತೀನಿ, ಅವರ ಮಾತನ್ನ ಮಾತ್ರ ಮುಟ್ಟಲ್ಲ.

ಈ ದೇಶದಲ್ಲಿರೋಕೆ ಕಾನೂನಿನ ಪೇಪರ್ ಇಲ್ಲದ ಮಕ್ಕಳ ವಿಷಯ ಬೇರೆ, ಅವರಿಗೆ ಪೆಲ್ ಇಲ್ವೇ ಇಲ್ಲ. ಟೆಕ್ಸಾಸಲ್ಲೇ ಓದಿ ಬೆಳೆದ ಅಂಥ ಮಕ್ಕಳಿಗೂ ರಾಜ್ಯದವರಿಗಿರೋ ಕಡಿಮೆ ಫೀಸೇ ಅಂತ 2001ರಲ್ಲಿ ದೇಶದಲ್ಲೇ ಮೊದಲು ಕಾನೂನು ತಂದಿದ್ದು ಇದೇ ರಾಜ್ಯ, 2025ರ ಜೂನಲ್ಲಿ ಕೋರ್ಟ್ ಅದನ್ನ ನಿಲ್ಲಿಸ್ತು. ಆ ವಾರ ಕೌಂಟರಲ್ಲಿ ಕೂತಿದ್ದು ನಂಗೆ ಮರೆಯೋಕಾಗಲ್ಲ.

ನನ್ನ ಟೇಬಲ್ ಮೇಲೆ ಈಗ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡಿದೆ, ಎರಡೇ ಪ್ರಶ್ನೆ. ಒಟ್ಟು ಎಷ್ಟು ವರ್ಷ ಓದಿದ್ರಿ? ಮುಗಿಸಿದಾಗ ವಯಸ್ಸೆಷ್ಟು? ಡಿಗ್ರಿ ಅನ್ನೋ ಪದನೇ ಅದರಲ್ಲಿಲ್ಲ. ಸ್ಪ್ಯಾನಿಷಲ್ಲಿ ನಾನೇ ಬರೆದಿದ್ದೆ, ಆ ಹುಡುಗಿ ಮುಂದಿನ ಸೆಮಿಸ್ಟರ್ ಸೈಕಾಲಜಿಗೆ ಮತ್ತೆ ಸೇರಿ ರಸೀದಿ ತಗೊಳ್ಳೋಕೆ ಬಂದಾಗ ಓದಿ ನೋಡಿದ್ಲು. ಪೆನ್ ಇಸ್ಕೊಂಡು "ತೆರ್ಮಿನೋ" ಅನ್ನೋದರ ಕೊನೇ ಅಕ್ಷರದ ಮೇಲೆ ಒಂದು ಸಣ್ಣ ಗೀಟು ಹಾಕಿದ್ಲು. ಗೀಟಿಲ್ಲದಿದ್ರೆ ನಾನು ಮುಗಿಸ್ತೀನಿ ಅಂತ ಆಗುತ್ತೆ, ಗೀಟಿದ್ರೆ ನೀವು ಮುಗಿಸಿದ್ರಿ ಅಂತ, ಅಂತ ನಿಧಾನಕ್ಕೆ ಇಂಗ್ಲಿಷಲ್ಲೇ ಹೇಳಿಕೊಟ್ಲು.