ಮೇಲೇಳದ ಡಿ ಶಾರ್ಪ್

ನಮ್ಮ ಕಾಲೇಜಿನ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಇದೆಯಲ್ಲ, ಈಗ ಜೆರಾಕ್ಸ್ ಮಷೀನು ಇಟ್ಟಿದ್ದಾರಂತೆ. ನಾನು ಬಿ.ಎಸ್ಸಿ. ಓದುವಾಗ ಅದು ಪಿಯಾನೊ ಕೋಣೆ. ಒಂದು ಹಳೇ ಪಿಯಾನೊ, ಮೂರು ಸ್ಟೂಲು, ಕಿರ್ರ್ ಅನ್ನುವ ಫ್ಯಾನು, ಅಷ್ಟೇ. ಪಿಯಾನೊದ ನಡುಭಾಗದ ಡಿ ಶಾರ್ಪ್ ಕೀ (ಡಿ ಸ್ವರಕ್ಕಿಂತ ಅರ್ಧ ಸ್ವರ ಮೇಲಿನ ಕಪ್ಪು ಕೀ) ಒತ್ತಿದರೆ ಮೇಲೇಳುತ್ತಿರಲಿಲ್ಲ. ಉಗುರಲ್ಲಿ ಎತ್ತಬೇಕಿತ್ತು. ಮಳೆಗಾಲದಲ್ಲಿ ಈ ಕಾಟ ಇನ್ನೂ ಜಾಸ್ತಿ.

ನಾನು ಏಳನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಹೇಳಿಸಿಕೊಂಡು ಬಂದವ. ಸ್ವಲ್ಪ ಜಂಬವೂ ಇತ್ತು. ಸಂಜೆ ಪಾಶ್ಚಾತ್ಯ ಸಂಗೀತ ಕಲಿಸಲು ಬರುತ್ತಿದ್ದ ಸರ್ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ಎ ಸ್ವರದಿಂದ ಹಾರ್ಮೋನಿಕ್ ಮೈನರ್ ಅನ್ನುವ ಸ್ಕೇಲು (ಸ್ವರಗಳ ಏಣಿ) ಹೇಳಿಕೊಟ್ಟ ದಿನ ನಾನು, "ಇದು ನಮ್ಮ ಕೀರವಾಣಿ ರಾಗ ಸರ್" ಅಂದೆ. "ಹೌದಾ? ಹಾಗಾದರೆ ಡಿ ಬಿಟ್ಟು ಡಿ ಶಾರ್ಪ್ ಒತ್ತು" ಅಂದರು.

ಎ, ಬಿ, ಸಿ, ಡಿ ಶಾರ್ಪ್, ಇ, ಎಫ್, ಜಿ ಶಾರ್ಪ್. ಇದೇ ಹಂಗೇರಿಯನ್ ಮೈನರ್ ಅನ್ನುವ ಸ್ಕೇಲು. ಸಿ ಇಂದ ಡಿ ಶಾರ್ಪಿಗೆ ಒಂದು ದೊಡ್ಡ ನೆಗೆತ, ಎಫ್ ಇಂದ ಜಿ ಶಾರ್ಪಿಗೆ ಇನ್ನೊಂದು. ಎರಡು ನೆಗೆತಗಳ ನಡುವೆ ಡಿ ಶಾರ್ಪ್, ಇ, ಎಫ್ ಮೂರೂ ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಕೀರವಾಣಿಯ ಮಧ್ಯಮ (ಮ) ಏರಿತು. ಮೇಳಕರ್ತದಲ್ಲಿ, ಅಂದರೆ ನಮ್ಮ 72 ತಾಯಿ ರಾಗಗಳ ಪಟ್ಟಿಯಲ್ಲಿ, ಕೀರವಾಣಿ 21ನೆಯದು. ಮಧ್ಯಮ ಏರಿದ ಜೋಡಿ ರಾಗ ಬೇಕಾದರೆ 21ಕ್ಕೆ 36 ಕೂಡಿಸಬೇಕು, 57. "ಸಿಂಹೇಂದ್ರಮಧ್ಯಮ!" ಅಂತ ಕೂಗಿಯೇ ಬಿಟ್ಟೆ.

ಸರ್ ನಕ್ಕರು. "ಅದೇ ಏಳು ಕೀ. ಈಗ ಇ ಇಂದ ಹೊರಡು, ಇ ಗೆ ಹೋಗಿ ನಿಲ್ಲು."

ಇ, ಎಫ್, ಜಿ ಶಾರ್ಪ್, ಎ. ನಾಲ್ಕನೇ ಕೀ ಮುಟ್ಟುವಷ್ಟರಲ್ಲಿ ಬಾಯಿ ತಾನೇ ಸರಿಗಮ ಅನ್ನುತ್ತಿತ್ತು. ಮಾಯಾಮಾಳವಗೌಳ ರಾಗ! ಬೆಳಗ್ಗೆ ಸ್ಕೂಲಿಗೆ ಮುಂಚೆ ಚಾಪೆ ಮೇಲೆ ಕೂತು ಆಕಳಿಸುತ್ತಾ ಹೇಳಿದ ಸರಳೆ ವರಸೆ. ಹಂಗೇರಿಯನ್ ಮೈನರಿನ ಪಂಚಮವನ್ನು (ಪ) ಷಡ್ಜ (ಸ) ಮಾಡಿಕೊಂಡರೆ ನಮ್ಮ ಮೊದಲ ಪಾಠ ಬರುತ್ತದೆ. ಆ ಪಾಠದ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಹಂಗೇರಿ. ಹೀಗೆ ಷಡ್ಜ ಬದಲಿಸಿ ಬೇರೆ ರಾಗ ಪಡೆಯುವುದಕ್ಕೆ ಗ್ರಹಭೇದ ಅನ್ನುವ ಪದ ನನಗೆ ಗೊತ್ತಿತ್ತು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಏನು ಮಾಡುತ್ತದೆ ಅಂತ ಕೈಗೆ ಗೊತ್ತಾಗಿದ್ದು ಅವತ್ತೇ.

ಹೆಸರಿನ ಕಥೆ ಮಾತ್ರ ಸ್ವಲ್ಪ ತಿರುವುಮುರುವು. ಹಂಗೇರಿಯ ರೋಮಾ ಜನಾಂಗದ ವಾದ್ಯಗಾರರು ಪಿಟೀಲು, ಸಿಂಬಲೋಮ್ (ಕೋಲಿನಿಂದ ಬಡಿಯುವ ತಂತಿವಾದ್ಯ) ಹಿಡಿದು ನುಡಿಸುತ್ತಿದ್ದ ಸಂಗೀತದಲ್ಲಿ ಈ ನೆಗೆತ ಜೋರಾಗಿ ಕೇಳುತ್ತಿತ್ತು. ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳುವಾಗ ಕುಣಿಯುತ್ತಿದ್ದ ವೆರ್ಬುಂಕೋಶ್‌ನಲ್ಲೂ ಅವರದೇ ಕೈ. ಸಂಗೀತ ರಚನಕಾರ ಫ್ರಾನ್ಜ್ ಲಿಸ್ಟ್ ಆ ಧಾಟಿಯನ್ನು ಹಂಗೇರಿಯನ್ ರಾಪ್ಸೊಡಿ ಅನ್ನುವ ತನ್ನ 19 ಪಿಯಾನೊ ರಚನೆಗಳಿಗೆ ತಂದ. ಹೊರಗಿನವರ ಕಿವಿಗೆ ಹಂಗೇರಿ ಅಂದರೆ ಇದೇ ಆಯಿತು. ಆಮೇಲೆ, 20ನೇ ಶತಮಾನದ ಶುರುವಿನಲ್ಲಿ, ಹಂಗೇರಿಯದೇ ಸಂಗೀತ ರಚನಕಾರರಾದ ಬಾರ್ಟೋಕ್ ಮತ್ತು ಕೊಡಾಯ್ ಫೋನೋಗ್ರಾಫ್ (ಧ್ವನಿ ಮುದ್ರಿಸುವ ಯಂತ್ರ) ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ರೈತರ ತೀರಾ ಹಳೇ ಹಾಡುಗಳಲ್ಲಿ ಅವರಿಗೆ ಸಿಕ್ಕಿದ್ದು ಐದೇ ಸ್ವರ. ಹೆಚ್ಚು ಕಡಿಮೆ ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳು! ಹಳ್ಳಿ ಹಾಡಿನದಲ್ಲದ ಸ್ಕೇಲಿಗೆ ದೇಶದ ಹೆಸರು ಅಂಟಿಕೊಂಡಿತು. ಮೈಸೂರ್ ಪಾಕಿನ ಹಾಗಲ್ಲ, ಅದು ನಿಜವಾಗಿಯೂ ಮೈಸೂರಿನದು.

ಆ ವಾರವೆಲ್ಲ ನಾನು ಸಿಕ್ಕಸಿಕ್ಕವರಿಗೆ "ಹಂಗೇರಿಯನ್ ಮೈನರ್ ಅಂದ್ರೆ ಸಿಂಹೇಂದ್ರಮಧ್ಯಮ" ಅಂತ ಹೇಳಿಕೊಂಡು ಓಡಾಡಿದೆ. ಸರ್ ಕಿವಿಗೂ ಬಿತ್ತು. ಮುಂದಿನ ಕ್ಲಾಸಿನಲ್ಲಿ, "ಎಲ್ಲಿ, ಹಾಡು" ಅಂದರು. ಮೈಸೂರು ವಾಸುದೇವಾಚಾರ್ಯರು ಆ ರಾಗದಲ್ಲಿ ಮಾಡಿದ ಕೃತಿಯ ಪಲ್ಲವಿ ಹಾಡಿದೆ. ಅವರು ಒಂದೊಂದೇ ಕೀ ಒತ್ತಿ ಹಿಂದೆ ಹಿಂದೆಯೇ ಬಂದರು. ಸ್ವರ ಎಲ್ಲಾ ಸರಿ. ಆದರೆ ರಾಗ ಬರಲಿಲ್ಲ. ನನ್ನ ನಿಷಾದ (ನಿ) ಷಡ್ಜದ ಕಡೆ ತೂಗುತ್ತಿತ್ತು, ಅವರ ಜಿ ಶಾರ್ಪ್ ಇದ್ದಲ್ಲೇ ಇತ್ತು. ಎರಡು ಕೀಗಳ ಸಂದಿಯನ್ನು ಬೆರಳಿಂದ ಸವರಿ, "ನಿಂದು ಇದರೊಳಗೆಲ್ಲೋ ಇದೆ" ಅಂದರು.

"ನಂದು ನೋಡು ಈಗ." ಎಡಗೈಯಲ್ಲಿ ಎಫ್, ಎ, ಸಿ, ಮೇಲೆ ಡಿ ಶಾರ್ಪ್. ನಾಲ್ಕನ್ನೂ ಒಟ್ಟಿಗೆ ಒತ್ತಿದರು. ಕೋಣೆಯೇ ಬಿಗಿದ ಹಾಗಾಯಿತು. "ಎಫ್ ಕೆಳಗಿನ ಇ ಗೆ ಇಳಿಯೋಕೆ ಕಾಯ್ತಿದೆ, ಡಿ ಶಾರ್ಪ್ ಮೇಲಿನ ಇ ಗೆ ಹತ್ತೋಕೆ. ಈ ಸ್ಕೇಲಿನ ಮಜಾ ಇದೇ." ಎರಡೂ ಇ ಗಳನ್ನು ಒತ್ತಿದರು. ಎಫ್ ಸುಮ್ಮನಾಯಿತು. ಡಿ ಶಾರ್ಪ್ ಕೀ ಮಾತ್ರ ಒಳಗೇ ಸಿಕ್ಕಿಕೊಂಡು, ತಂತಿ ಮೊಳಗುತ್ತಲೇ ಇತ್ತು. ಸರ್ ನನ್ನ ಕಡೆ ನೋಡಿದರು. ನಾನು ಉಗುರು ಹಾಕಿ ಎತ್ತಿದೆ.