ಅಂಡರ್ ಪ್ರೊಟೆಸ್ಟ್

ಒಂದು ಮಳೆಗಾಲದಲ್ಲಿ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯವರು, ನಾನು ಅದಾಗಲೇ ಕಟ್ಟಿದ್ದ ದುರಸ್ತಿ ಹಣವನ್ನು ಬಡ್ಡಿ ಸಮೇತ ಮತ್ತೊಮ್ಮೆ ಬಿಲ್ಲಿನಲ್ಲಿ ಸೇರಿಸಿದರು. ರಸೀದಿ ತೋರಿಸಿದರೂ ಕೇಳಲಿಲ್ಲ. ಕಟ್ಟದಿದ್ದರೆ ಬಾಕಿದಾರರ ಪಟ್ಟಿಯಲ್ಲಿ ಹೆಸರು ಬರುವುದು ಖಚಿತವಿದ್ದುದರಿಂದ ಚೆಕ್ ಬರೆಯಲು ಕುಳಿತೆ. ಬ್ಯಾಂಕಿನ ವಿದೇಶಿ ಬಿಲ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ಸೋದರಮಾವ, "ರೊಕ್ಕ ಕೊಡು ತಮ್ಮಾ, ಆದ್ರ ಸುಮ್ನ ಕೊಡಬ್ಯಾಡ. ಅಂಡರ್ ಪ್ರೊಟೆಸ್ಟ್ ಕಟ್ಟೇನಿ ಅಂತ ಜೋಡಿ ಒಂದು ಪತ್ರ ಬರಿ" ಎಂದರು.

ಪ್ರತಿಭಟಿಸುವವನು ಹಣವನ್ನೇಕೆ ಕಟ್ಟಬೇಕು ಎಂದು ಕೇಳಿದೆ. ಸುಮ್ಮನೆ ಕಟ್ಟಿದರೆ ಬಾಕಿಯನ್ನು ಒಪ್ಪಿದಂತೆ, ಹೀಗೆ ಬರೆದರೆ ಮುಂದೆ ಮರಳಿ ಕೇಳುವ ಹಕ್ಕು ಉಳಿಯುತ್ತದೆ ಎಂದು ಮಾವ ಬಿಡಿಸಿ ಹೇಳಿದರು. ಹುಂಡಿಗೆ, ಅಂದರೆ ಇಂತಿಷ್ಟು ಹಣ ಕೊಡಬೇಕೆಂದು ಬರೆದ ವ್ಯಾಪಾರದ ಪತ್ರಕ್ಕೆ, ಹಣ ಸಲ್ಲದಿದ್ದಾಗ ಅದನ್ನು ಗುರುತಿಸಿ ನೋಟರಿ ಕೊಡುವ ಪ್ರಮಾಣಪತ್ರಕ್ಕೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಪ್ರೊಟೆಸ್ಟ್ ಎಂದೇ ಹೆಸರಂತೆ. ಅಲ್ಲಿ ಘೋಷಣೆಯೂ ಇಲ್ಲ, ಮೆರವಣಿಗೆಯೂ ಇಲ್ಲ.

ಆ ರಾತ್ರಿ ನಿಘಂಟು ತೆರೆದೆ. ಲ್ಯಾಟಿನ್ನಿನಲ್ಲಿ 'ಟೆಸ್ಟಿಸ್' ಎಂದರೆ ಸಾಕ್ಷಿ. 'ಪ್ರೊ' ಸೇರಿದರೆ ಎಲ್ಲರೆದುರು ಸಾಕ್ಷಿ ನುಡಿಯುವುದು. ತಾನು ನಿರಪರಾಧಿಯೆಂದು ಒತ್ತಿ ಹೇಳುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ. 1529ರಲ್ಲಿ ಜರ್ಮನಿಯ ಸ್ಪೇಯರ್ ಸಭೆಯಲ್ಲಿ ಕ್ರೈಸ್ತ ಧರ್ಮಸುಧಾರಕ ಲೂಥರನ ಪಕ್ಷದ ಅರಸರು ತಮ್ಮ ಅಸಮ್ಮತಿಯನ್ನು ಬರಹದಲ್ಲಿ ಸಲ್ಲಿಸಿದ್ದರಿಂದಲೇ ಪ್ರಾಟೆಸ್ಟೆಂಟ್ ಎಂಬ ಹೆಸರು ಹುಟ್ಟಿತು. ನಮ್ಮ 'ಪ್ರತಿಭಟನೆ'ಯೊಳಗೆ ಎದುರು ನಿಂತ ಭಟನಿದ್ದಾನೆ. ಎಷ್ಟು ಚೆಂದದ ಪದವಾದರೂ ಅದರಲ್ಲಿ ಸಾಕ್ಷಿಗೆ ಜಾಗವಿಲ್ಲವಲ್ಲ ಎಂದು ಅಂದು ನನಗೆ ನಿಜಕ್ಕೂ ನೋವಾಯಿತು.

ಮರುದಿನ ಕಚೇರಿಗೆ ಹೋಗುವಾಗ ಆಜಾದ್ ಮೈದಾನದ ಬಳಿ 'ಜಾಹೀರ್ ನಿಷೇಧ' ಎಂಬ ಫಲಕ ಹಿಡಿದು ಕೆಲವರು ಮಳೆಯಲ್ಲೇ ಕುಳಿತಿದ್ದರು. ಧಾರವಾಡದಿಂದ ಮುಂಬೈಗೆ ಬಂದ ಹೊಸತರಲ್ಲಿ ಇಂಥ ಫಲಕ ಓದಿ, ಇಲ್ಲಿ ಏನನ್ನೋ ನಿಷೇಧಿಸಿದ್ದಾರೆಂದು ತಿಳಿದು ಬೇರೆ ದಾರಿ ಹಿಡಿದಿದ್ದೆ. ಮರಾಠಿಯಲ್ಲಿ ನಿಷೇಧವೆಂದರೆ ಖಂಡನೆ, ವಿರೋಧ ಎಂದು ತಿಳಿಯಲು ತಿಂಗಳುಗಳೇ ಬೇಕಾದವು. ಅಂದು ನನ್ನ ಕಣ್ಣು 'ಜಾಹೀರ್', ಎಂದರೆ ಬಹಿರಂಗ, ಎಂಬ ಮಾತಿನ ಮೇಲೆ ನಿಂತಿತು. ಲ್ಯಾಟಿನ್ನಿನ ಆ 'ಪ್ರೊ' ಇಲ್ಲಿ ಬೀದಿಯಲ್ಲೇ ಇತ್ತು.

ಸಂಜೆ ಮಾವನೊಂದಿಗೆ ಸೊಸೈಟಿಯ ಕಚೇರಿಗೆ ಹೋಗಿ ಚೆಕ್ಕನ್ನೂ ಪತ್ರವನ್ನೂ ಒಟ್ಟಿಗೆ ಕೊಟ್ಟೆ. ಕಾರ್ಯದರ್ಶಿಗಳು ಚೆಕ್ಕನ್ನಷ್ಟೇ ತೆಗೆದುಕೊಂಡು ಪತ್ರವನ್ನು ನನ್ನತ್ತ ಸರಿಸಿದರು. ಮಾವ ಎದ್ದು ಹೋಗಲು ಒಪ್ಪಲಿಲ್ಲ. ಪತ್ರದ ನಕಲಿನ ಮೇಲೆ ಸೊಸೈಟಿಯ ಮೊಹರು, ಸಹಿ, ದಿನಾಂಕ ಬೀಳುವವರೆಗೆ ನಾವಿಬ್ಬರೂ ಅಲ್ಲಿನ ಬೆಂಚಿನ ಮೇಲೆಯೇ ಕುಳಿತಿದ್ದೆವು.